ಬಿದ್ದುಹೋದ ಕಮಾನಿನ ಮೇಲೆ ನಿಂತವರು

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹತ್ತು ಮೈಲಿ, ಬಸ್ಸಿಗೆ ಮೂರೂವರೆ ರೂಪಾಯಿ. ನಾನು ಹೊರಟದ್ದು ದೇವಸ್ಥಾನ ನೋಡಲಿಕ್ಕಲ್ಲ, ತೂಗಾಡುವ ಕಮಾನಿನ ಜಾಗಕ್ಕೆ. ನಾನು ಭೌತಶಾಸ್ತ್ರ ಕಲಿಸುವ ಕಾಲೇಜಿನಲ್ಲಿ ಅನುರಣನದ, ಎಂದರೆ ರೆಸೊನೆನ್ಸಿನ, ಪಾಠ ಬಂದಾಗಲೆಲ್ಲ ಅದೇ ನನ್ನ ಉದಾಹರಣೆ. ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ಅದರ ನಡುನೆತ್ತಿಯಲ್ಲಿ ಕುಣಿದಿದ್ದೆ. ಕಾಲಡಿಯ ಇಟ್ಟಿಗೆ ಉಯ್ಯಾಲೆಯಂತೆ ಏರಿಳಿದಿತ್ತು. ಹೋದ ವಾರ ಇತಿಹಾಸದ ಅಧ್ಯಾಪಕರೊಬ್ಬರು ನಕ್ಕುಬಿಟ್ಟರು: "ಅಲ್ರೀ, ನೀವು ಹುಟ್ಟೋಕೆ ಮುಂಚೆನೇ ಅದು ಬಿದ್ದಿತ್ತಲ್ಲ!"

ಅಪ್ಪ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅವರದೆಂದು ನನ್ನ ಬಳಿ ಇರುವ ನೆನಪು ಅದೊಂದೇ.

ಹನ್ನೊಂದು ಗಂಟೆಯ ಬಿಸಿಲು. ಎಲೆ ಅಲುಗುತ್ತಿರಲಿಲ್ಲ. ಹುಲ್ಲಿನ ನಡುವೆ ಎರಡು ಇಟ್ಟಿಗೆಯ ಮೋಟುಗಳು, ಮಧ್ಯೆ ನೂರಡಿಗೂ ಮಿಕ್ಕಿದ ಬರೀ ಆಕಾಶ. ಕಂಪನಿ ಕಾಲದ ಇಂಜಿನಿಯರೊಬ್ಬ, ಇಷ್ಟು ಅಗಲಕ್ಕೆ ಇಷ್ಟು ಚಪ್ಪಟೆಯಾದ ಕಮಾನು ನಿಲ್ಲುತ್ತದೆಂದು ತೋರಿಸಲು ಕಟ್ಟಿದನಂತೆ. ಸುಣ್ಣದ ಗಾರೆ ಸಿಮೆಂಟಿನಷ್ಟು ಬಿಗಿಯಲ್ಲ, ಕೊಂಚ ಬಗ್ಗುತ್ತದೆ. ಕಮಾನು ಓಲಾಡುವ ಲಯಕ್ಕೆ ಸರಿಯಾಗಿ ಕುಣಿದರೆ ಓಲಾಟ ಹೆಚ್ಚುತ್ತ ಹೋಗುತ್ತದೆ. ವಿವರಣೆ ಇಷ್ಟೇ. ಆದರೆ ಮೋಟಿನ ಮೇಲೆ ಹತ್ತಿ ನಿಂತಾಗ ನನ್ನ ಮಂಡಿಗಳು ತಾವಾಗಿಯೇ ಬಾಗಿ ಏರಿಳಿದವು, ಆ ಲಯ ಗೊತ್ತಿರುವಂತೆ.

ಕೆಳಗೆ ಹುಲ್ಲು ಕೊಯ್ಯುತ್ತಿದ್ದ ಮುದುಕ ಕುಡುಗೋಲು ನಿಲ್ಲಿಸಿ ನೋಡಿದ. "ನೀವೂ ತೂಗಿದ್ರಾ ಸೋಮಿ?"

"ಚಿಕ್ಕವನಿದ್ದಾಗ."

"ವರ್ಸಕ್ಕೆ ಒಬ್ರಿಬ್ರು ಬತ್ತಾರೆ, ತೂಗಿದ್ದೆ ಅಂತಾರೆ. ಎಲ್ಲಾ ಅದು ಬಿದ್‌ ಮ್ಯಾಲೆ ಉಟ್ಟಿದೋರೇ."

ಅವನು ನಗಲಿಲ್ಲ. ನಾನು ಕೆಳಗಿಳಿದೆ.

ಪಾಂಡವಪುರದಲ್ಲಿ ಬಸ್ಸು ಬದಲಿಸಿ ತೊಣ್ಣೂರು ತಲುಪಿದಾಗ ಊಟದ ಹೊತ್ತು ಮೀರಿತ್ತು. ಅಪ್ಪನ ಒಡಹುಟ್ಟಿದವರಲ್ಲಿ ಉಳಿದಿರುವ, ಎಪ್ಪತ್ತು ದಾಟಿದ ಸೋದರತ್ತೆ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ನಾನು ಕಮಾನಿನ ಮಾತೆತ್ತಿದೆ. ಅವರ ಮುಖ ಅರಳಿತು.

"ಅದು ನನ್‌ ಕತೆ ಕಣ್ಲಾ! ನೀನು ಅತ್ತಾಗೆಲ್ಲ ನಾನೇ ನಿಂಗೆ ಈ ಕತೆ ಏಳ್ತಿದ್ದೆ. ನಮ್ಮಪ್ಪ ನನ್ನ ಕೈ ಇಡ್ಕಂಡು ಅದರ ಮ್ಯಾಲೆ ಕುಣಿಸ್ದ ಅಂತ."

"ನಮ್ಮಪ್ಪ ಅಂತಲೇ ಹೇಳ್ತಿದ್ರಾ?"

"ಇನ್ನೇನನ್ಲಿ? ನಮ್ಮಪ್ಪ, ನಿಮ್‌ ತಾತ! ಅಯ್ಯೋ, ಕಾಲೇಜು ಮೇಷ್ಟ್ರೇ, ಇಷ್ಟು ಓದ್ಬುಟ್ಟು, 'ನಮ್ಮಪ್ಪ' ಅಂದ್ರೆ ಯಾರಪ್ಪ ಅಂತ ಗೊತ್ತಾಗ್ನಿಲ್ವಾ?"

ಅವರು ನಕ್ಕರು, ನಾನೂ ನಕ್ಕೆ. ನಾಲ್ಕು ವರ್ಷದ ಕಿವಿಗೆ 'ನಮ್ಮಪ್ಪ' ಎಂದರೆ ತನ್ನಪ್ಪನೇ. ಉಳಿದದ್ದನ್ನು ಮನಸ್ಸು ಕಟ್ಟಿಕೊಂಡಿದೆ. ಲೆಕ್ಕ ಸರಿಹೋಯಿತು. ನನ್ನ ಬಳಿ ಈಗ ಅಪ್ಪನೇ ಇರಲಿಲ್ಲ.

ಮುದ್ದೆ ಮುರಿದು ಸಾರಿಗೆ ಅದ್ದಿದೆ. "ತಾತನ ಹೆಬ್ಬೆರಳಿಗೆ ಉಗುರು ಇರಲಿಲ್ಲ ಅಲ್ವಾ ಅತ್ತೆ?" ಎಂದೆ. "ಆ ನೆನಪಲ್ಲಿ ಕೈ ಹಿಡಿದಾಗ ನುಣ್ಣಗೆ ತಾಗ್ತಿತ್ತು."

ಸಾರಿನ ಸೌಟು ಅಲ್ಲೇ ನಿಂತಿತು.

"ನಮ್ಮಪ್ಪ ಸ್ಕೂಲ್‌ ಮೇಷ್ಟ್ರು ಕಣ್ಲಾ. ಬಳಪ ಬುಟ್ರೆ ಇನ್ನೇನೂ ಇಡ್ದೋನಲ್ಲ. ಅತ್ತು ಬೆರಳಿನ ಉಗುರೂ ನೆಟ್ಟಗಿದ್ವು." ಸೌಟನ್ನು ಪಾತ್ರೆಯಲ್ಲಿಟ್ಟು ಹೇಳಿದರು, "ಉಗುರಿಲ್ದಿದ್ದು ನಿಮ್ಮಪ್ಪಂಗೆ. ನೀನು ಉಟ್ಟಿದ್‌ ವರ್ಸ, ಆಲೆಮನೇಲಿ ಕುದಿಯೋ ಬೆಲ್ಲದ ಪಾಕ ಬಿದ್ದು ಓಯ್ತು. ಎಡಗೈದು."

ನಾನು ಹೇಳಿರಲಿಲ್ಲ, ನನಗೆ ನೆನಪಿದ್ದುದೂ ಎಡಗೈಯೇ.

ಸಂಜೆ ನಾಲ್ಕೂವರೆಯ ಬಸ್ಸಿಗೆ ಅತ್ತೆ ಕೆರೆ ಏರಿಯವರೆಗೂ ಬಂದರು. ಕೇಳಬೇಕಾದ ಪ್ರಶ್ನೆ ಇನ್ನೊಂದೇ ಇತ್ತು. ಆ ಸುಟ್ಟ ಬೆರಳಿನ ಕಥೆಯನ್ನೂ, ನಾನು ಅತ್ತಾಗ, ನೀವು ಹೇಳಿದ್ದಿರಾ? ಹೌದೆಂದರೆ ಅಪ್ಪನ ಆ ಬೆರಳೂ ಕೇಳಿದ ಕಥೆಯೇ. ಯಾವುದೇ ಪ್ರಯೋಗದಲ್ಲಾದರೂ ನಾನು ಮೊದಲು ಕೇಳುತ್ತಿದ್ದುದು ಅದನ್ನೇ.

ಬಸ್ಸು ಬಂತು. "ಏನೋ ಕೇಳಕ್ಕೆ ಬಂದಂಗಿತ್ತಲ್ಲೋ?" ಅಂದರು ಅತ್ತೆ.

"ಏನಿಲ್ಲ ಅತ್ತೆ," ಎಂದು ಹತ್ತಿ ಕುಳಿತೆ.