ಸೈಲೆನ್ಸರಿನ ಸದ್ದಿಗೆ ತುಂಬುವ ಶಾಲೆ

ನಮ್ಮ ಶಾಲೆಗೆ ಗಂಟೆ ಇದೆ. ಕಿಟಕಿಯ ಸರಳಿಗೆ ತೂಗುಹಾಕಿದ ಹಳೆಯ ರೈಲುಹಳಿಯ ತುಂಡು. ಎಷ್ಟು ಬಡಿದರೂ ಅದರ ಸದ್ದು ಬಾವಿಕಟ್ಟೆ ದಾಟುವುದಿಲ್ಲ. ಮಕ್ಕಳಿರುವುದು ಜೊಯಿಡಾದಿಂದಾಚೆ, ಗುಡ್ಡದ ಆ ಬದಿ ಈ ಬದಿ ಚೆದುರಿದ ವಾಡೆಗಳಲ್ಲಿ. ಒಂದೊಂದು ವಾಡೆಗೆ ನಾಲ್ಕೈದು ಮನೆ. ಹೀಗಾಗಿ ಅವರು ಶಾಲೆಗೆ ಬರುತ್ತಿದ್ದುದು ಒಂದು ಪಿಕಪ್ ಗಾಡಿಯ ಸದ್ದು ಕೇಳಿ. ನಮ್ಮ ಶಿಕ್ಷಕರ ತರಬೇತಿಯಲ್ಲಿ ಈ ಪಾಠ ಇರಲಿಲ್ಲ.

ಗಾಡಿ ತೇರಗಾಂವದ ಮಾಮಾನದು. ನನಗೇನೂ ಸಂಬಂಧಿಯಲ್ಲ, ಎಲ್ಲರಿಗೂ ಮಾಮಾ. ದಾಂಡೇಲಿಯಿಂದ ಬೆಳಿಗ್ಗೆ ಕಿರಾಣಿ ಸಾಮಾನು ಹೇರಿಕೊಂಡು ಕಾಡಿನ ಊರುಗಳ ಅಂಗಡಿಗಳಿಗೆ ಹಾಕಿ ಬರುವುದು ಅವನ ಕೆಲಸ. ಬಸ್ಸನ್ನು ನಂಬಿ ಕೂತರೆ ನಾನು ನಿವೃತ್ತಿಯ ದಿನ ಶಾಲೆ ತಲುಪುತ್ತಿದ್ದೆ, ಆದ್ದರಿಂದ ಅವನ ಕ್ಯಾಬಿನ್ನೇ ಗತಿ. ಶಾಲೆಗೆ ಇರುವ ಒಬ್ಬಳೇ ಶಿಕ್ಷಕಿ ನಾನು, ಕೀಲಿಯೂ ನನ್ನ ಚೀಲದಲ್ಲೇ. ನನಗಿಂತ ಮೊದಲು ಬಂದು ಮಕ್ಕಳು ಮಾಡುವುದಾದರೂ ಏನು? ತೂತುಬಿದ್ದ ಸೈಲೆನ್ಸರಿನ ಆರ್ಭಟ ಏರಿನಲ್ಲಿ ಕೇಳಿಸಿದ ಕೂಡಲೇ ತಾಯಂದಿರು ಮಕ್ಕಳ ಜಡೆ ಹೆಣೆಯಲು ಕೂರುತ್ತಿದ್ದರು. ನಾನು ಬೀಗ ತೆಗೆದು ಕಸ ಗುಡಿಸುವಷ್ಟರಲ್ಲಿ ಮಕ್ಕಳು ಅಂಗಳದಲ್ಲಿ ಇರುತ್ತಿದ್ದರು.

ಆದರೆ ಕಾಡಿನ ತಪಾಸಣೆ ನಾಕಾದ ಗಾರ್ಡನಿಗೆ ಈ ಸದ್ದು ಆಗದು. ದಿನಾ ಜಗಳ. ಕಡೆಗೆ ಮಾಮಾ ದಾಂಡೇಲಿಯ ಮೆಕ್ಯಾನಿಕ್ ಚಾಚಾನ ಹತ್ತಿರ ಹೋದ. ಚಾಚಾ ಸೈಲೆನ್ಸರ್ ಸರಿಮಾಡಿ, ಹೊಗೆ ಅದನ್ನು ತಲುಪುವ ಮೊದಲೇ ಹೊರಬೀಳುವಂತೆ ಪೈಪಿಗೊಂದು ಕವಲು ಬೆಸೆದು, ಆ ಕವಲಿಗೆ ವಾಲ್ವ್ ಕೂಡಿಸಿ, ಸೈಕಲ್ಲಿನ ಬ್ರೇಕ್ ಕೇಬಲ್ ಎಳೆದು ತಂದು ಡ್ರೈವರ್ ಸೀಟಿನ ಪಕ್ಕ ಹಿಡಿಕೆ ಇಟ್ಟ.

"ಎಳದ್ರ ಬಾಯಿ ತೆರಿತೈತ್ರಿ ಅಕ್ಕೋರ, ಹೊಗಿ ಸೀದಾ ಹೊರಗ. ಹುಲಿ ಆಗ್ತೈತಿ. ಬಿಟ್ರ ಮುಚ್ಚತೈತಿ, ಬೆಕ್ಕು" ಎಂದು ನನಗೂ ವಿವರಿಸಿದ. "ಆದ್ರ ವಾರಕ್ಕೊಮ್ಮೆ ಸೀಮೆಎಣ್ಣಿ ಹಾಕಿ ಮಸಿ ತೆಗೀಬೇಕು ನೋಡ್ರಿ. ಇಲ್ಲಂದ್ರ ಹಿಡಕೊಂಡು ಕುಂದರ್ತೈತಿ."

ಮಾಮಾ ತಲೆಯಾಡಿಸಿದ. ತಲೆಯಾಡಿಸುವ ವಿಷಯದಲ್ಲಿ ಅವನದು ಧಾರಾಳ ಕೈ. ಅಂದಿನಿಂದ ಗಾಡಿ ನಾಕಾದಲ್ಲಿ ಬೆಕ್ಕು, ನಮ್ಮ ಏರಿನಲ್ಲಿ ಹುಲಿ.

ಇದೇ ಹೊತ್ತಿಗೆ ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ಮುಚ್ಚುತ್ತಾರೆಂಬ ಸುದ್ದಿ ಹಬ್ಬಿತು. ನಮ್ಮದನ್ನು ಮುಚ್ಚಿದರೆ ಮುಂದಿನ ಶಾಲೆ ಹಳ್ಳ ದಾಟಿ, ದಟ್ಟ ಕಾಡು ದಾಟಿ. ಗಟ್ಟಿ ಕಾಲಿನ ಹುಡುಗರು ಹೋದಾರು. ಹೆಣ್ಣುಮಕ್ಕಳನ್ನು ದನ ಕಾಯಲು ಕಳಿಸುತ್ತಾರೆ, ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆ ಸುದ್ದಿ ಕೇಳಿದಾಗಿನಿಂದ ನನಗೆ ಊಟ ರುಚಿಸುತ್ತಿರಲಿಲ್ಲ.

ಒಂದು ದಿನ ಜೊಯಿಡಾದಲ್ಲಿ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಗಾಡಿಗೆ ಕೈ ಮಾಡಿದರು. ಮುನ್ಸೂಚನೆಯಿಲ್ಲದೆ ನಮ್ಮ ಶಾಲೆ ನೋಡಲು ಹೊರಟಿದ್ದರು. ಜೀಪು ಕೆಟ್ಟಿತ್ತು, ಬಸ್ಸು ಎಂದಿನಂತೆ ಬಂದಿರಲಿಲ್ಲ. ಕ್ಯಾಬಿನ್ನಿನಲ್ಲಿದ್ದ ಒಂದೇ ಸೀಟು ಸಹಜವಾಗಿಯೇ ಅವರದಾಯಿತು. ಇಸ್ತ್ರಿ ಸೀರೆಯ ಮುಖ್ಯೋಪಾಧ್ಯಾಯಿನಿ, ಅಂದರೆ ನಾನು, ಹಿಂದೆ ಉಳ್ಳಾಗಡ್ಡಿ ಚೀಲಗಳ ಮೇಲೆ ಕೂತೆ.

ಏರು ಬಂತು. ಮಾಮಾ ಹಿಡಿಕೆ ಎಳೆದ, ಗಾಡಿ ಒಮ್ಮೆ ಗರ್ಜಿಸಿತು. ಕಿಟಕಿಯಿಂದ ಸಾಹೇಬರ ದನಿ ಕೇಳಿತು: "ಏನ್ರೀ ಇದು, ತಲಿ ಒಡದ ಹೊಕ್ಕೈತಿ. ಬಂದ್ ಮಾಡ್ರಿ."

ಮಾಮಾನಿಗೆ ತನ್ನ ವಾಲ್ವಿನ ಚಮತ್ಕಾರ ತೋರಿಸಲು ಇದಕ್ಕಿಂತ ದೊಡ್ಡ ಅವಕಾಶ ಎಲ್ಲಿ ಸಿಗಬೇಕು? ಹಿಡಿಕೆ ಬಿಟ್ಟ. ಗಾಡಿ ಮೆತ್ತಗಾಯಿತು. ಸದ್ದಿಲ್ಲದಿದ್ದರೆ ಮಕ್ಕಳಿಲ್ಲ. ಗಾಬರಿಯಲ್ಲಿ ಕ್ಯಾಬಿನ್ನಿನ ತಗಡಿಗೆ ಎರಡು ಸಲ ಬಡಿದೆ. ನಮ್ಮ ಕಡೆ ಪಿಕಪ್ಪಿನ ಹಿಂದೆ ಕೂತವರು ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಹೊರಡು. ಮಾಮಾ ಇನ್ನೂ ಜೋರಾಗಿ ಹೊರಟ.

ಶಾಲೆಯ ಅಂಗಳದಲ್ಲಿ ಒಂದು ಕೋಳಿ ಇತ್ತು. ಸಾಹೇಬರು ಕೋಳಿಯನ್ನು ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಮಕ್ಕಳೆಲ್ಲಿ ಅದಾರ್ರೀ?"

"ಬರ್ತಾರ್ರಿ ಸರ್. ಗಾಡಿ ಸಪ್ಪಳ ಕೇಳಿ ಬರ್ತಾರ್ರಿ."

"ಇಲ್ಲದ ಮಕ್ಕಳನ್ನ ಸಪ್ಪಳ ಮಾಡಿ ಹುಟ್ಟಸ್ತೀರೇನು?" ಎಂದು ನಕ್ಕರು. ಆ ನಗು ಕೇಳಿ ನನಗೆ ಮೈ ಉರಿಯಿತು. ಇಷ್ಟು ವರ್ಷ ಪಾಠ ಮಾಡಿದ್ದು ಕೋಳಿಗೇನು?

"ಮಾಮಾ, ಹಿಡಿಕಿ ಎಳಿ" ಎಂದೆ. ಅವನು ಎಳೆದ. ಗಾಡಿ ಬೆಕ್ಕಾಗಿಯೇ ಉಳಿಯಿತು. ಮತ್ತೆ ಎಳೆದ. "ಹಿಡಕೊಂಡೈತ್ರಿ ಅಕ್ಕೋರ, ಮಸಿ" ಎಂದು ತಲೆ ಕೆರೆದುಕೊಂಡ. ಸೀಮೆಎಣ್ಣೆಗೆ ಯಾವತ್ತೋ ತಲೆಯಾಡಿಸಿದ್ದಾಯಿತಲ್ಲ, ಅವನ ಲೆಕ್ಕದಲ್ಲಿ ಅಲ್ಲಿಗೆ ಕೆಲಸ ಮುಗಿದಿತ್ತು.

ಅವನ ದೇಹ ಗಾಡಿಯ ಕೆಳಗೆ ಹಿಡಿಸುವಂಥದ್ದಲ್ಲ. ನಾನು ಸೆರಗು ಸಿಕ್ಕಿಸಿ, ನಟ್ಟು ಬಿಚ್ಚುವ ಪಾನಾ ಹಿಡಿದು ಮಣ್ಣಿನ ಮೇಲೆ ಮಲಗಿ ನುಗ್ಗಿದೆ. ಕಾದ ಪೈಪು ಮುಖಕ್ಕೆ ಝಳ ಹೊಡೆಯುತ್ತಿತ್ತು. ಕೇಬಲ್ ಸೇರುವ ಜಾಗಕ್ಕೆ ಪಾನಾದಿಂದ ಕುಟ್ಟಿದೆ. ಮೇಲಿನಿಂದ ಸಾಹೇಬರು, "ಮೇಡಂ, ಹೊರಗ ಬರ್ರಿ, ಇದು ಶಿಸ್ತಲ್ಲ" ಎನ್ನುತ್ತಿದ್ದರು. ಅವರನ್ನು ನೆನೆದುಕೊಂಡು ಇನ್ನೊಂದು ಏಟು ಹಾಕಿದೆ. ಟಕ್ಕೆಂದು ತೆರೆಯಿತು. ಅದರೊಳಗಿದ್ದ ಮಸಿಯೆಲ್ಲ ನನ್ನ ಸೀರೆಗೆ ಬಂತು, ಗಾಡಿ ಗುಡ್ಡ ನಡುಗುವಂತೆ ಗರ್ಜಿಸಿತು.

ಅಷ್ಟೇ. ಮೊದಲು ನಾಯಿಗಳು ಬೊಗಳಿದವು. ಆಮೇಲೆ ಗೇರುಮರಗಳ ಸಂದಿಯಿಂದ ಒಂದು ನೀಲಿ ಲಂಗ, ಅದರ ಹಿಂದೆ ಮೂರು ಚೀಲ, ಬಾಯಲ್ಲಿ ಭಾಕರಿ ತುಂಬಿಕೊಂಡ ಒಬ್ಬ, ಒಂದೇ ಜಡೆ ಹೆಣೆದುಕೊಂಡ ಒಬ್ಬಳು. ಎಲ್ಲ ವಾಡೆಗಳಿಂದಲೂ ಓಡಿ ಬಂದು, ಮಸಿ ಮೆತ್ತಿದ ನನಗೆ ಕೈ ಮುಗಿದು ಸಾಲಾಗಿ ನಿಂತರು. ನನಗೆ ಕಣ್ಣು ತುಂಬಿ ಬಂತು. ಹೊಗೆಯಿಂದ ಎಂದು ಸಾಹೇಬರು ತಿಳಿದುಕೊಂಡಿರಬೇಕು. ಅವರ ಎರಡೂ ಕೈ ಕಿವಿಯ ಮೇಲಿದ್ದುದರಿಂದ ಮಕ್ಕಳನ್ನು ಗದ್ದದಿಂದಲೇ ಎಣಿಸಿದರು.

ಮಗ್ಗಿ ಕೇಳಿದರು, ಓದಿಸಿದರು, ಹೊರಡುವಾಗ "ಶಾಲಿ ಛಲೋ ಐತ್ರಿ. ಮುಚ್ಚೂದು ಬ್ಯಾಡ ಅಂತ ಹೇಳ್ತೇನಿ" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಮಾಮಾನ ಕಡೆ ತಿರುಗಿದರು. "ಆದ್ರ ಶಾಲಿ ಮುಂದ ಇಂಥಾ ಸಪ್ಪಳ ಅಂದ್ರೇನು? ಮಕ್ಕಳ ಅಭ್ಯಾಸ ಕೆಡತೈತಿ. ಆ ವಾಲ್ವಿಗೆ ಬೆಸುಗಿ ಹಾಕಿಸಿ ಬಂದ್ ಮಾಡ್ರಿ. ಮೇಡಂ, ಇದಕ್ಕ ನೀವ ಜವಾಬ್ದಾರಿ."

ಬೆಸುಗೆ ಹಾಕುವಾಗ ಚಾಚಾನ ಮುಖ ನೋಡಲಾಗುತ್ತಿರಲಿಲ್ಲ.

ಈಗ ಏರು ಬಂದೊಡನೆ ನಾನು ಕ್ಯಾಬಿನ್ನಿನಿಂದ ಇಳಿದು ಹಿಂದೆ ಹತ್ತುತ್ತೇನೆ. ಶಾಲೆಯ ಗಂಟೆಯ ಸುತ್ತಿಗೆ ನನ್ನ ಚೀಲದಲ್ಲೇ ಇರುತ್ತದೆ. ಪಿಕಪ್ಪಿನ ಪಕ್ಕದ ತಗಡಿಗೆ ಬಿಡದೆ ಬಡಿಯುತ್ತೇನೆ, ಏರು ಮುಗಿಯುವವರೆಗೂ. ಮಾಮಾ ಮೊದಮೊದಲು ಗೊಂದಲಗೊಂಡು ನಿಲ್ಲಿಸಿ ನಿಲ್ಲಿಸಿ ಹೊರಡುತ್ತಿದ್ದ, ಈಗ ಅಭ್ಯಾಸವಾಗಿದೆ. ಮಕ್ಕಳು ಬರುತ್ತಾರೆ. ಸಾಹೇಬರು ಇನ್ನೊಮ್ಮೆ ಬಂದರೆ ನನ್ನ ಕೈಗೂ ಬೆಸುಗೆ ಹಾಕಿಸಿಯಾರು.