ಮೂವರ ನಡುವಿನವನು

ಬಸ್ ಡಿಪೋದ ಫುಟ್‌ಬಾಲ್ ತಂಡದಲ್ಲಿ ಹದಿನೇಳು ವರ್ಷದಿಂದ ಡಿಫೆಂಡರ್ ಆಗಿ ಹಿಂದೆ ನಿಂತು ಆಡುತ್ತಿದ್ದ ಮೆಕ್ಯಾನಿಕ್‌ನನ್ನು ಎಲ್ಲರೂ ಕಂಬ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿ ಗಟ್ಟಿ ಆಳು ಅಂದುಕೊಳ್ಳಬೇಡಿ, ಅದೆಲ್ಲ ಹಳೆಯ ಮಾತು. ಈಗ ಅವನಿಗೆ ನಲವತ್ತೊಂದು. ದಿನವಿಡೀ ಬಸ್ಸಿನ ಕೆಳಗಿನ ಗುಂಡಿಯಲ್ಲಿ ಕತ್ತೆತ್ತಿ ನಟ್ಟು ಬಿಗಿದು ಮೇಲೆ ಬರುವಷ್ಟರಲ್ಲಿ ಸಾಕುಸಾಕಾಗಿರುತ್ತಿತ್ತು. ಹೋದ ವರ್ಷ ಮಂಡಿ ಕೈಕೊಟ್ಟು ಎರಡು ತಿಂಗಳು ಮನೆಯಲ್ಲಿ ಕೂತಾಗ ಅವನು ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ. ವಾರಕ್ಕೊಂದು ದಿನದ ಆ ಆಟ ಬಿಟ್ಟರೆ ತನ್ನದು ಅಂತ ಅವನಿಗೆ ಬೇರೇನೂ ಇರಲಿಲ್ಲ. ಈ ಸಲ ತಂಡದಲ್ಲಿ ಜಾಗ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲೇ ಅರ್ಧ ಸೊರಗಿದ್ದ.

ಸೀಸನ್ನಿನ ಮೊದಲ ದಿನ ಕೋಚ್, ಅಂದರೆ ರಿಟೈರಾದ ಟಿಕೆಟ್ ಚೆಕಿಂಗ್ ಸಾಹೇಬರು, ಕೆಲಸದ ಮೇಜಿನ ಮೇಲೆ ನಟ್ಟುಗಳನ್ನು ಜೋಡಿಸಿ ಹೊಸ ವರಸೆ ಹೇಳಿಕೊಟ್ಟರು.

“ಇಷ್ಟು ದಿನ ಹಿಂದೆ ನಾಲ್ಕು ಜನ ಇದ್ರು. ನಡುವೆ ಇಬ್ಬರು, ಅಂಚಲ್ಲಿ ಇಬ್ಬರು. ಇನ್ಮೇಲೆ ನಡುವೆನೇ ಮೂರು ಜನ. ಅಂಚಿನವರು ಮುಂದಕ್ಕೆ ಸರೀತಾರೆ, ಗೆರೆ ಉದ್ದಕ್ಕೂ ಹೋಗೋದು ಬರೋದು ಅವರದೇ ಪಾಡು. ಮೂವರಲ್ಲಿ ಎಡಗಡೆಯವನು, ಬಲಗಡೆಯವನು ಚೆಂಡಿನ ಮೇಲೆ ಬೀಳ್ಬೇಕು. ಮಧ್ಯದವನು ಎಲ್ಲೂ ಹೋಗಬಾರದು. ನಿಂತು ನೋಡ್ಬೇಕು, ಕೂಗಿ ಹೇಳ್ಬೇಕು. ಅದು ನೀನು, ಕಂಬ.”

ಕಂಬನಿಗೆ ಹೋದ ಜೀವ ಬಂದಂತಾಯಿತು. ಆದರೆ ನಡುವೆ ಒಬ್ಬ ಹೆಚ್ಚಾದರೆ ಮುಂದೆ ಒಬ್ಬ ಕಡಿಮೆಯಾಗಲೇಬೇಕಲ್ಲ. ಗೆರೆ ಉದ್ದಕ್ಕೂ ಹಿಂದಿನವರೇ ಓಡಾಡುವಾಗ ಅಂಚಿನಲ್ಲಿ ಬರೀ ಮುನ್ನುಗ್ಗುವ ವಿಂಗರ್‌ಗೆ ಇದರಲ್ಲಿ ಜಾಗವಿರಲಿಲ್ಲ. ಆ ವಿಂಗರ್ ಕಂಬನ ಸ್ವಂತ ತಮ್ಮ, ಟೈರ್ ವಿಭಾಗದವನು, ತಂಡದಲ್ಲೇ ಚುರುಕು ಕಾಲಿನವನು. ಅವನು ಜಾಕೆಟ್ ತೊಟ್ಟು ಬೆಂಚಿಗೆ ಹೋಗಿ ಕೂತ. ಅಣ್ಣನಿಗೆ ಪಾಪ ಅನ್ನಿಸಿತು, ಸುಳ್ಳಲ್ಲ. ಆದರೆ ತನ್ನ ಜಾಗ ಉಳಿಯಿತಲ್ಲ ಎಂಬ ನೆಮ್ಮದಿಯೇ ಒಂದು ಕೈ ಹೆಚ್ಚಾಗಿತ್ತು.

ಮನೆಯಲ್ಲಿ ಹೆಂಡತಿಗೂ ತಟ್ಟೆ ಲೋಟ ಜೋಡಿಸಿ ವಿವರಿಸಿದ.

“ಅಂದ್ರೆ ಎಲ್ಲರೂ ಓಡಾಡ್ತಿರ್ತಾರೆ, ನೀವು ನಿಂತಲ್ಲೇ ಅಪ್ಪಣೆ ಕೊಡ್ತೀರಿ,” ಎಂದಳು ಅವಳು ಲೋಟ ಎತ್ತಿಕೊಳ್ಳುತ್ತ. “ಮನೇಲೂ ಅದೇ ತಾನೇ. ಹೊಸದೇನಿದೆ?”

ಏಳನೆಯ ಪಂದ್ಯ ಹಾಲಿನ ಡೇರಿಯವರ ಮೇಲೆ. ಡೇರಿಯ ಒಬ್ಬ ಚೂಟಿ ಆಟಗಾರ ಎರಡು ಸಲ ಕಂಬನನ್ನು ದಾಟಿ ಓಡಿದ. ಎರಡು ಸಲವೂ ಬಲಗಡೆಯ ಡಿಫೆಂಡರ್, ಪೇಂಟ್ ವಿಭಾಗದವನು, ಮೊದಲೇ ಹಿಂದೆ ಬಂದು ನಿಂತಿದ್ದ. ಹಾಫ್ ಟೈಮಿನಲ್ಲಿ ಕಂಬ ಅವನನ್ನು ತರಾಟೆಗೆ ತೆಗೆದುಕೊಂಡ.

“ನಿನ್ನ ಜಾಗ ಬಿಟ್ಟು ನನ್ನ ಬೆನ್ನ ಹಿಂದೆ ಯಾಕೋ ಬರ್ತೀಯ?”

“ಸಾಹೇಬ್ರೇ ಹೇಳಿದಾರಲ್ಲಣ್ಣ. ಕಂಬನಿಗೆ ತಿರುಗಿ ಓಡಕ್ಕಾಗಲ್ಲ, ಚೆಂಡು ಬರೋಕೆ ಮುಂಚೆನೇ ನೀವಿಬ್ರೂ ಹಿಂದೆ ಸರೀರಿ ಅಂತ.”

ಕಂಬನ ಮುಖ ಸಣ್ಣದಾಯಿತು. ತಂಡಕ್ಕೆಲ್ಲ ತಾನೇ ತಲೆ ಎಂದುಕೊಂಡು ಏಳು ವಾರ ಬೀಗಿದ್ದನಲ್ಲ, ಈ ಇಡೀ ವರಸೆಯೇ ಅವನ ಮಂಡಿಗೆ ಕಟ್ಟಿದ ಪಟ್ಟಿಯಾಗಿತ್ತು. ನೆಟ್ಟಗೆ ಕೋಚ್ ಬಳಿ ಹೋದ.

“ನನ್ನನ್ನ ತೆಗೀರಿ ಸಾರ್. ಮೊದಲಿನ ಹಾಗೆ ನಾಲ್ಕು ಜನ ಇರ್ಲಿ, ನನ್ನ ತಮ್ಮನ್ನ ಇಳಿಸಿ.”

“ಇದು ನನ್ನ ತಲೇಲಿ ಹುಟ್ಟಿದ್ದಲ್ಲಪ್ಪ,” ಎಂದರು ಅವರು. “ಅವನೇ ಬಂದು ಹೇಳಿದ್ದು. ಮೂವರನ್ನ ನಿಲ್ಲಿಸಿದ್ರೆ ಅಣ್ಣ ಇನ್ನೊಂದು ವರ್ಷ ಆಡ್ತಾನೆ ಅಂದ. ನಿನ್ನ ಜಾಗ ಹೋಗುತ್ತಲ್ಲೋ ಅಂದೆ. ಹೋಗ್ಲಿ ಬಿಡಿ ಅಂದ.”

ತಮ್ಮ ಬೆಂಚಿನ ಮೇಲೆ ಜಾಕೆಟ್ ತೊಟ್ಟು ಕೂತಿದ್ದ. ಅಣ್ಣ ಬಂದು ಎದುರು ನಿಂತರೂ ಏಳಲಿಲ್ಲ.

“ಸುಮ್ನೆ ಹೋಗಿ ಆಡಣ್ಣ. ಹೋದ ವರ್ಷ ಎರಡು ತಿಂಗಳು ನಿನ್ನ ಮುಖ ನೋಡಿದೀನಿ. ಇನ್ನೊಂದ್ಸಲ ನನ್ನ ಕೈಲಾಗಲ್ಲ. ನೀನಾಗಿ ಬಿಟ್ಟು ಬಂದ್ರೆ ನಾನಂತೂ ಇಳಿಯಲ್ಲ.”

ಕಂಬ ಮತ್ತೆ ಮೈದಾನಕ್ಕಿಳಿದ. ನಾಚಿಕೆಯಾಗುತ್ತಿತ್ತು. ಆಡಬೇಕು ಎಂಬ ಆಸೆಯೂ ಸಾಯಲೊಲ್ಲದು, ಅದೇ ಅವನನ್ನು ಇನ್ನಷ್ಟು ಸುಸ್ತು ಮಾಡಿತು. ಚೆಂಡು ತಲೆ ಮೇಲೆ ಹಾರಿಹೋದಾಗಲೆಲ್ಲ ಹಿಂದೆ ಯಾರೋ ತನಗಾಗಿ ಓಡುವ ಸದ್ದು ಕೇಳುತ್ತಿತ್ತು. ಇಪ್ಪತ್ತು ನಿಮಿಷ ತಡೆದುಕೊಂಡ. ಆಮೇಲೆ ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ ಹುಲ್ಲಿನ ಮೇಲೆ ಕುಸಿದು, ಮಂಡಿ ಹಿಡಿದುಕೊಂಡು ನರಳತೊಡಗಿದ. ರೆಫರಿ ಸೀಟಿ ಊದಿದ. ತಮ್ಮ ಐಸ್ ಚೀಲ ಹಿಡಿದು ಓಡಿ ಬಂದು ಪಕ್ಕದಲ್ಲಿ ಕೂತ.

“ಅಣ್ಣಾ, ನಿನಗೆ ನೋವಿರೋದು ಬಲಗಾಲು,” ಎಂದ ಮೆಲ್ಲಗೆ. “ನೀನು ಹಿಡ್ಕೊಂಡಿರೋದು ಎಡಗಾಲು.”

“ಗೊತ್ತು ಕಣೋ. ಬಾಯಿ ಮುಚ್ಕೊಂಡು ಹೋಗಿ ಆಡು.”

ತಮ್ಮ ಅಣ್ಣನ ಮುಖವನ್ನೇ ನೋಡಿದ. ಆಮೇಲೆ ಎಲ್ಲರಿಗೂ ಕಾಣುವಂತೆ ಆ ನೋವಿಲ್ಲದ ಮಂಡಿಗೇ ಬಿಗಿಯಾಗಿ ಐಸ್ ಕಟ್ಟಿ, ಜಾಕೆಟ್ ಬಿಚ್ಚಿದ.