ಹೊಂಡಕ್ಕಿಳಿದ ಇನ್ಸ್‌ಪೆಕ್ಟರ್ ಮೇಡಂ

ಹರಿಹರದ ನಮ್ಮ ಓಣಿಗೆ ಬರುತ್ತಿದ್ದ ಹೆಲ್ತ್ ಇನ್ಸ್‌ಪೆಕ್ಟರ್ ಮೇಡಂ ಯಾರ ದೂರನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಕೈ ಎತ್ತಿ, "ನೀವು ಹೇಳೋದು ಬ್ಯಾಡ್ರಿ, ನೀರೇ ಹೇಳ್ಲಿ" ಎನ್ನುತ್ತಿದ್ದರು.

ನಮ್ಮ ಮನೆಯ ಹಿಂದಿನ ಹೊಂಡದಲ್ಲಿ ಈಜಾಡಿದ ಮಕ್ಕಳಿಗೆ ಒಮ್ಮೆ ವಾಂತಿಭೇದಿ ಹತ್ತಿತು. ನಮ್ಮ ಪಾಯಿಖಾನೆ ಗುಂಡಿಯೇ ಹೊಂಡಕ್ಕೆ ಸೋರುತ್ತಿದೆ ಎಂದು ಓಣಿಯವರು ಆಡಿಕೊಂಡರು. ಮಕ್ಕಳು ಗುಣವಾದರೂ ಆ ಮಾತು ನಿಲ್ಲಲಿಲ್ಲ. ಅವ್ವ ಹೊರಗೆ ಹೋಗುವುದನ್ನೇ ಬಿಟ್ಟಳು.

ಮೇಡಂ ಬಂದು ನಮ್ಮ ಪಾಯಿಖಾನೆಗೆ ಕೆಂಪು ಬಣ್ಣದ ನೀರು ಸುರಿದರು; ಗುಂಡಿ ಸೋರುತ್ತಿದ್ದರೆ ಹೊಂಡದಲ್ಲಿ ಆ ಬಣ್ಣ ಕಾಣಬೇಕಿತ್ತು. ಮೂರು ದಿನ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಹೊಂಡಕ್ಕಿಳಿದು, ಗಾಜಿನ ಲೋಟದಲ್ಲಿ ನೀರು ತುಂಬಿ ಬಿಸಿಲಿಗೆ ಹಿಡಿದು ನೋಡಿದರು. ಕೆಂಪು ಕಾಣಲಿಲ್ಲ. ನಾಲ್ಕನೆಯ ದಿನ ಅದೇ ಬಣ್ಣವನ್ನು ಹೊಂಡದ ಆಚೆ ದಂಡೆಯಲ್ಲಿ ತಮ್ಮ ಕಚೇರಿಯೇ ಕಟ್ಟಿಸಿದ್ದ ಸಾರ್ವಜನಿಕ ಶೌಚಾಲಯಕ್ಕೆ ಸುರಿದರು. ಮರುದಿನ ಹೊಂಡದ ಅಂಚು ಕೆಂಪಾಗಿತ್ತು.

ಸೇರಿದ ಜನರ ಮುಂದೆ ಲೋಟ ಎತ್ತಿ ಹಿಡಿದು, "ಈ ಮನಿಯೋರ್ದು ಏನೂ ತಪ್ಪಿಲ್ರಿ. ಸೋರಿದ್ದು ನಮ್ದು. ಇವತ್ತೇ ಬೀಗ ಹಾಕ್ಸಿ ರಿಪೇರಿ ಮಾಡಸ್ತೀನಿ" ಎಂದರು.

ಒಳಗಿನಿಂದಲೇ ಕೇಳಿಸಿಕೊಂಡ ಅವ್ವ ಬರಿಗಾಲಲ್ಲಿ ಓಡಿಬಂದು ಅವರ ಕೈ ಹಿಡಿದಳು. "ರೊಟ್ಟಿ ಬಿಸಿ ಅದಾವ್ರಿ, ಉಂಡೇ ಹೋಗ್ರಿ" ಎಂದಳು.

ಓಣಿಯೆಲ್ಲ ನೋಡುತ್ತಿದ್ದಂತೆ ಮೇಡಂ ನಮ್ಮ ಕಟ್ಟೆಯ ಮೇಲೆ ಕೂತು ಎರಡು ರೊಟ್ಟಿ ಉಂಡು, ನಮ್ಮ ಮನೆಯ ತಂಬಿಗೆಯ ನೀರು ಗಟಗಟ ಕುಡಿದರು.